ಏಳು ತಾಸು ನಲವತ್ತು ನಿಮಿಷದ ನಿದ್ದೆ

"ರಾತ್ರಿ ನೀವು ಮಲಗೂದಿಲ್ಲೇನ್ರಿ?"

ರಕ್ತ ಪರೀಕ್ಷೆಗೆಂದು ಕುಳಿತಿದ್ದ ಹದಿನಾಲ್ಕು ಮಂದಿ ಒಟ್ಟಿಗೆ ತಲೆ ಎತ್ತಿದರು.

ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಆ ಲ್ಯಾಬಿನಲ್ಲಿ ಬೆಳಗಿನ ಹತ್ತು ಗಂಟೆಗೆ ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ. ಉಪವಾಸ ಬಂದಿದ್ದೀರಾ, ಚಹಾ ಕುಡಿದಿರಾ... ಅಲ್ಲಿ ಕೇಳುವುದು ಅಷ್ಟೇ. ಅದನ್ನು ಕೇಳುವವಳು ಕೋಮಲ. ಇವತ್ತು ಕೌಂಟರಿನ ಆಚೆ ನಿಂತವನು ಅವಳನ್ನೇ ಕೇಳಿಬಿಟ್ಟಿದ್ದ!

ಕೋಮಲಳ ಕೈಯಲ್ಲಿದ್ದ ಸಿರಿಂಜು ಗಾಳಿಯಲ್ಲೇ ನಿಂತಿತು. ಪುಣ್ಯಕ್ಕೆ ಅದಿನ್ನೂ ಯಾರ ತೋಳಿಗೂ ಚುಚ್ಚಿರಲಿಲ್ಲ.

ಕೇಳಿದವನು ವಿಕ್ರಾಂತ. ಕಾಗವಾಡದ ಕಡೆಯ ದ್ರಾಕ್ಷಿ ತೋಟದವನು. ಹದಿನಾರು ದಿನದ ಹಿಂದೆ ಅವಳ ಬೆರಳಿಗೆ ಉಂಗುರ ತೊಡಿಸಿದವನು. ಇನ್ನು ಇಪ್ಪತ್ತೆರಡು ದಿನಕ್ಕೆ ಅವಳ ಗಂಡನಾಗಬೇಕಾದವನು.

ಇಬ್ಬರೂ ಹಿರಿಯರಿಲ್ಲದೆ ಎದುರುಬದುರಾಗಿದ್ದು ಇದೇ ಮೊದಲು. ಫೋನಿನಲ್ಲಿ ನಾಲ್ಕು ಸಲ ಮಾತಾಡಿದ್ದರು. ನಾಲ್ಕು ಸಲವೂ ಅವನು "ಊಟ ಆತ್ರೀ?" ಎಂದು ಕೇಳಿ, ಅವಳು "ಆತ್ರಿ, ನಿಮ್ಮದು?" ಎಂದು ಕೇಳಿ, ಅವನು ಕಾಗವಾಡದ ಬಿಸಿಲಿನ ವರದಿ ಕೊಟ್ಟು ಇಟ್ಟುಬಿಟ್ಟಿದ್ದ. ಪ್ರೇಮಿಗಳ ಮಾತು ಹೀಗಿರುತ್ತದೆಯೇ ಎಂದು ಕೋಮಲ ಗೆಳತಿಯರನ್ನು ಕೇಳಲು ನಾಚಿ ಸುಮ್ಮನಾಗಿದ್ದಳು.

ಅವನ ಕಣ್ಣು ಕೆಂಪಗಿದ್ದವು. ಗಡ್ಡ ನಾಲ್ಕು ದಿನದ್ದು.

'ಎಷ್ಟು ಸಿಟ್ಟಿನಾಗ ಬಂದಾನ!' ಎಂದುಕೊಂಡಳು ಕೋಮಲ. ಇದು ಅವಳ ಮೊದಲ ತಪ್ಪು.

ಗ್ಲೌಸು ಕಳಚಿ, ಅವನನ್ನು ಹೊರಗೆ ಮೆಟ್ಟಿಲಿನ ಬಳಿಗೆ ಕರೆದುಕೊಂಡು ಹೋದಳು. ಒಳಗಿದ್ದ ಹದಿನಾಲ್ಕು ಜೋಡಿ ಕಣ್ಣುಗಳೂ ಬಾಗಿಲವರೆಗೆ ಬಂದವು.

"ಮಂದಿ ಮುಂದ ಏನ್ ಕೇಳಾಕತ್ತೀರಿ ನೀವು?"

"ತಪ್ಪಾತ್ರಿ... ಬಾಯಾಗಿಂದ ಬಂದ್‌ಬಿಡ್ತು. ಆದ್ರ ಇದನ್ನ ಒಂದ್‌ಸಲ ನೋಡ್ರಿ."

ಅವನು ಮೊಬೈಲು ಮುಂದೆ ಹಿಡಿದ. ಮೇಲೆ ಅವಳ ಹೆಸರು. ಕೆಳಗೆ ದಿನಕ್ಕೊಂದು ಸಾಲು. ಒಂದು ತಾಸು ಐವತ್ತು ನಿಮಿಷ. ಒಂದು ತಾಸು ಐದು ನಿಮಿಷ. ಒಂದು ತಾಸು ಇಪ್ಪತ್ತು ನಿಮಿಷ...

"ಏನ್ರಿ ಇದು?"

"ನಿಮ್ಮ ನಿದ್ದಿ."

"ನನ್ನ ನಿದ್ದಿ ನಿಮ್ಮ ಮೊಬೈಲ್‌ದಾಗ ಯಾಕ ಐತಿ?"

ಇದು ನ್ಯಾಯವಾದ ಪ್ರಶ್ನೆ. ಉತ್ತರವೂ ಇತ್ತು. ನಿಶ್ಚಯದ ದಿನ ವಿಕ್ರಾಂತ ಎರಡು ಕಪ್ಪು ಬ್ಯಾಂಡು ತಂದಿದ್ದ, ಕೈಗೆ ಕಟ್ಟಿಕೊಳ್ಳುವಂಥವು. ಒಂದು ತನಗೆ, ಒಂದು ಅವಳಿಗೆ. ನಡೆದ ಹೆಜ್ಜೆ, ಎದೆಬಡಿತ, ನಿದ್ದೆ ಎಲ್ಲವನ್ನೂ ಲೆಕ್ಕ ಇಡುತ್ತವೆ ಎಂದು ಹೇಳಿದ್ದ. ಅವಳ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಟ್ಟವನೂ ಅವನೇ. 'ಕುಟುಂಬಕ್ಕೆ ಸೇರಲು ಒಪ್ಪಿಗೆಯೇ?' ಎಂದು ಅದು ಕೇಳಿತ್ತು. ಎದುರಿಗೆ ಅವನು ನಿಂತಿದ್ದ, ಕುಟುಂಬ ಎಂಬ ಮಾತು ಕಂಡಿತ್ತು. ಕೋಮಲ ಕೆನ್ನೆ ಕೆಂಪಗೆ ಮಾಡಿಕೊಂಡು ಒಪ್ಪಿಗೆ ಒತ್ತಿದ್ದಳು. ಅವನಿಗೆ ತನ್ನ ಹೆಜ್ಜೆ ಮಾತ್ರ ಕಾಣುತ್ತವೆ ಎಂದುಕೊಂಡಿದ್ದಳು. ಆಮೇಲೆ ಆ ಆ್ಯಪ್ ತೆರೆದು ನೋಡಿಯೇ ಇರಲಿಲ್ಲ.

"ನಿಶ್ಚೆ ಆದ ದಿನದಿಂದ ಒಂದ ರಾತ್ರಿನೂ ನೀವು ಎರಡ ತಾಸಿನ ಮ್ಯಾಲ ಮಲಗಿಲ್ಲ. ಒಂದ ರಾತ್ರಿನೂ!" ಅವನು ಸಾಲುಗಳನ್ನು ಬೆರಳಿನಿಂದ ಸರಿಸಿ ತೋರಿಸಿದ. "ಯಾಕಂತ ಕೇಳಬೇಕನಸ್ತು. ಬಂದೆ."

ಕೋಮಲಳಿಗೆ ಅರ್ಥವಾಯಿತು. ಅಂದರೆ, ಅರ್ಥವಾಯಿತು ಎಂದುಕೊಂಡಳು.

'ರಾತ್ರಿಯೆಲ್ಲಾ ಯಾರ ಜೋಡಿ ಫೋನಿನ್ಯಾಗ ಮಾತಾಡ್ತಿ ಅಂತ ಕೇಳಾಕ ಬಂದಾನ. ಸಂಶೇ! ಲಗ್ನಕ್ಕಿಂತ ಮದಲ ಇಷ್ಟ್ ಸಂಶೇ!'

ನಿಜ ಹೇಳಬೇಕೆಂದರೆ, ತಲೆ ದಿಂಬಿಗೆ ತಾಗಿದರೆ ಕೋಮಲಳಿಗೆ ಈ ಲೋಕದ ಪರಿವೆಯೇ ಇರುವುದಿಲ್ಲ. ಹೋದ ವರ್ಷ ಓಣಿಯಲ್ಲಿ ರಾತ್ರಿ ಟ್ರಾನ್ಸ್‌ಫಾರ್ಮರ್ ಸಿಡಿದಾಗ ಇಡೀ ಚಿಕ್ಕೋಡಿ ಎದ್ದು ಕುಳಿತಿತ್ತು, ಇವಳೊಬ್ಬಳು ಮಗ್ಗುಲು ಬದಲಿಸಿದ್ದಳು. ಆ ಮಾತನ್ನು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಟ್ಟು ಬಂದ ಹುಡುಗಿ ನಿಜ ಹೇಳುತ್ತಾಳೆಯೇ?

"ಹೌದ್ರಿ. ಮಲಗೂದಿಲ್ಲ. ರಾತ್ರಿತುಂಬ ಎಚ್ಚರ ಇರ್ತೀನಿ. ಮುಂದ?"

ವಿಕ್ರಾಂತನ ಮುಖ ಬಿಳಚಿಕೊಂಡಿತು. ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಮತ್ತೆ ತೆಗೆದ. ಮತ್ತೆ ಹಾಕಿಕೊಂಡ.

"ಹಂಗಿದ್ರ... ಒಂದ ಮಾತ್ರಿ. ಈ ಲಗ್ನ ನಿಮ್ಮ ಮನಸಿಗೆ ಇಲ್ಲಂದ್ರ, ನಾನ ಬ್ಯಾಡ ಅಂದೆ ಅಂತ ಹೇಳ್ತೀನಿ. ನಿಮ್ಮ ಹೆಸರ ಎಲ್ಲೂ ಬರೂದಿಲ್ಲ. ಮಂದಿ ನಂಗ ಬೈತಾರ, ಬೈಲಿ."

"ಕೋಮಲ ಮೇಡಂ! ಸ್ಯಾಂಪಲ್!" ಒಳಗಿನಿಂದ ಕೂಗು ಬಂತು.

"ಇವತ್ತೊಂದ ದಿನ ಇಚಾರ ಮಾಡ್ರಿ," ಎಂದ ಅವನು. "ನೀವು ಬಾಯಿಬಿಟ್ಟ ಹೇಳೂದೂ ಬ್ಯಾಡ. ನಾ ತಿಳಕೋತೀನಿ."

ಬೈಕು ಹೊರಟು ಹೋಯಿತು.

ಅವತ್ತು ಕೋಮಲ ಸೂಜಿ ಚುಚ್ಚಿದ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿ "ಅಯ್ಯಯ್ಯೋ" ಎಂದರು.

* * *

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮುಜಫ್ಫರನ ಮೊಬೈಲ್ ಅಂಗಡಿಗೆ ಹೋದಳು. ಬ್ಯಾಂಡನ್ನು ಬಿಚ್ಚಿ ಗಾಜಿನ ಮೇಲೆ ಕುಕ್ಕಿದಳು.

"ಇದು ಸುಳ್ಳ ಹೇಳಾಕತ್ತೈತಿ. ರಿಪೇರಿ ಮಾಡ್ರಿ."

ಮುಜಫ್ಫರ ಶಾಂತ ಮನುಷ್ಯ. ದಿನಕ್ಕೆ ಮೂವತ್ತು ಜನ ಇದೇ ದನಿಯಲ್ಲಿ ಅವನ ಗಾಜಿನ ಮೇಲೆ ಏನಾದರೂ ಕುಕ್ಕುತ್ತಾರೆ. ಅವನು ಆ್ಯಪ್ ಹೊಸದು ಮಾಡಿದ. ಬ್ಯಾಂಡನ್ನು ಬಂದ್ ಮಾಡಿ ಚಾಲೂ ಮಾಡಿದ. ಮೊಬೈಲಿನಿಂದ ಬಿಡಿಸಿ ಮತ್ತೆ ಜೋಡಿಸಿದ. ಮಲಗುವ ವೇಳೆ ಎಷ್ಟಕ್ಕೆ ಇಟ್ಟಿದೆ ನೋಡಿದ. ಬ್ಯಾಟರಿ ಉಳಿಸುವ ಗುಂಡಿ ಒತ್ತಿದೆಯೇ ಎಂದೂ ನೋಡಿದ. ಕೊನೆಗೆ ಅವಳ ಕೈಗೇ ಕಟ್ಟಿಕೊಳ್ಳಲು ಹೇಳಿದ.

"ಎಲ್ಲಾ ಬರೋಬ್ಬರಿ ಐತ್ರಿ ಮೇಡಂ. ಎದಿಬಡಿತಾ ನೋಡ್ರಿ, ನೂರಾ ನಾಲ್ಕ. ಜರಾ ಜಾಸ್ತಿ ಐತಿ. ಯಾರ ಜೋಡಿಯರ ಜಗಳ ಮಾಡಿ ಬಂದೀರೇನು?"

"ನಿದ್ದಿ ಯಾಕ ತಪ್ಪ ತೋರಸ್ತೈತಿ, ಅದನ್ನ ಹೇಳ್ರಿ."

"ಹಿಂದಿನ ಈ ಹಸರ ಲೈಟ್ ಐತಲ್ರಿ, ಇದು ಚರ್ಮಕ್ಕ ಹತ್ತಿ ಕುಂಡ್ರಬೇಕು. ಸಂದ ಬಿದ್ರ ಅದಕ್ಕೇನೂ ತಿಳಿಯೂದಿಲ್ಲ, ಎಚ್ಚರ ಅದಾರ ಅಂತ ಬರಕೋತೈತಿ. ಬಿಗಿ ಕಟ್ಟಿ ಮಲಗ್ರಿ."

"ಬಿಗಿನ ಕಟ್ತೀನಿ!"

"ಹಂಗಾದ್ರ ನಂಗೂ ತಿಳೀವಲ್ದು," ಎಂದ ಮುಜಫ್ಫರ, ಮುಂದಿನ ಗಿರಾಕಿಯ ಒಡೆದ ಗಾಜನ್ನು ಕೈಗೆತ್ತಿಕೊಳ್ಳುತ್ತ.

ಲ್ಯಾಬಿನ ಯಂತ್ರ ವಿಚಿತ್ರ ಅಂಕಿ ತೋರಿಸಿದರೆ ಕೋಮಲ ಮಾಡುವುದು ಒಂದೇ ಕೆಲಸ. ಇನ್ನೊಬ್ಬರ ರಕ್ತ ಹಾಕಿ ನೋಡುವುದು. ಅಂಕಿ ಸರಿ ಬಂದರೆ ಯಂತ್ರ ಸರಿ ಇದೆ, ತೊಂದರೆ ಬೇರೆಲ್ಲೋ ಇದೆ. ಸಂಜೆ ಮನೆಯ ದಾರಿಯಲ್ಲಿ ಅದನ್ನೇ ಯೋಚಿಸಿದಳು. ಮನೆಗೆ ಬಂದವಳೇ ಅಜ್ಜಿಯ ಮುಂದೆ ಕುಳಿತಳು.

ಅಜ್ಜಿ ಭೀಮಾಬಾಯಿಗೆ ಎಂಬತ್ತರ ಹತ್ತಿರ. ಮನೆಯವರಿಗೆಲ್ಲ ಅವಳು ಆಯಿ. ಕೋಮಲ ಹುಟ್ಟಿದಾಗಿನಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ.

"ಆಯಿ, ಇವತ್ತ ರಾತ್ರಿ ಇದನ್ನ ನೀ ಕಟಗೊಂಡ ಮಲಗ."

"ಯಾಕ ಬೇ? ನಂಗೇನ್ ಧಾಡಿ ಆಗೈತಿ?"

"ಏನೂ ಆಗಿಲ್ಲ. ಸುಮ್ನ ಪರೀಕ್ಷಾ."

"ಹಂಗಾದ್ರ ಕಟ್ಟ. ಪರೀಕ್ಷಾದಾಗ ನಾ ಯಾವತ್ತೂ ಪಾಸ್ ಆಗಿಲ್ಲ ನೋಡ ಮತ್ತ!"

ಆಯಿ ಕೈ ಚಾಚಿದಳು. ಮಣಿಕಟ್ಟು ಸಣ್ಣಗಿತ್ತು, ಬರಿದಾಗಿತ್ತು. ಅಜ್ಜ ತೀರಿಕೊಂಡ ದಿನ ಬಳೆ ತೆಗೆಸಿದ್ದರು. ಅದಕ್ಕೆ ಈಗ ಇಪ್ಪತ್ತು ವರ್ಷ. ಕೋಮಲ ಬ್ಯಾಂಡನ್ನು ಕೊನೆಯ ತೂತಿಗೆ ಬಿಗಿದಳು.

ವಿಕ್ರಾಂತನ ಮಾತು ನೆನಪಾಗಿ ಮಲಗುವ ಮುನ್ನ ಸ್ವಲ್ಪ ಅತ್ತಳು ಕೂಡ. ಅಳುತ್ತಳುತ್ತಲೇ ನಿದ್ದೆ ಹೋದಳು, ಅದು ಬೇರೆ ಮಾತು.

* * *

ಬೆಳಿಗ್ಗೆ ಐದೂವರೆಗೆ ಆ್ಯಪ್ ತೆರೆದಾಗ ಕೋಮಲ ಹಾಸಿಗೆಯಲ್ಲೇ ಎದ್ದು ಕುಳಿತಳು.

ಏಳು ತಾಸು ನಲವತ್ತು ನಿಮಿಷ! ಗಾಢ ನಿದ್ದೆ ಎರಡು ತಾಸು ಹತ್ತು ನಿಮಿಷ! 'ಉತ್ತಮ ನಿದ್ದೆ' ಎಂದು ಕೆಳಗೆ ಒಂದು ಹಸಿರು ನಕ್ಷತ್ರ ಬೇರೆ!

ಅಂದರೆ ಯಂತ್ರ ಸರಿ ಇದೆ. ಹಾಗಿದ್ದರೆ ತನ್ನ ಕೈಯಲ್ಲಿ ಏನು ತೊಂದರೆ?

ಕೈ ಎತ್ತಿ ನೋಡಿಕೊಂಡಳು. ಝಲ್ಲೆಂದಿತು.

ಹಸಿರು ಗಾಜಿನ ಬಳೆ! ನಿಶ್ಚಯದ ದಿನ ವಿಕ್ರಾಂತನ ತಾಯಿ ಗೌರಾಬಾಯಿ ಎರಡೂ ಕೈಗೆ ಡಜನ್ನುಗಟ್ಟಲೆ ತೊಡಿಸಿದ್ದು. ಲಗ್ನದ ತನಕ ಒಂದೂ ತೆಗೆಯಬಾರದು, ಒಂದೂ ಒಡೆಯಬಾರದು ಎಂದು ಆಯಿಯ ಕಟ್ಟಪ್ಪಣೆ. ಹಗಲು ಗ್ಲೌಸು ಹಾಕುವಾಗ ಕೋಮಲ ಅವನ್ನು ಮೊಣಕೈ ಕಡೆಗೆ ದೂಡಿಕೊಂಡಿರುತ್ತಾಳೆ. ಮಲಗಿದ ಮೇಲೆ ಅವೆಲ್ಲ ಜಾರಿ ಬರುತ್ತವೆ. ಬಂದು ಬ್ಯಾಂಡಿನ ಮೇಲೆ ಕುಳಿತು ಅದನ್ನು ಅಂಗೈ ಕಡೆಗೆ ನೂಕುತ್ತವೆ. ಹಸಿರು ದೀಪಕ್ಕೆ ಚರ್ಮವೇ ಸಿಗುವುದಿಲ್ಲ. ಅವಳು ಗೊರಕೆ ಹೊಡೆಯುತ್ತಿದ್ದರೂ ಅದು 'ಎಚ್ಚರ' ಎಂದು ಬರೆದುಕೊಳ್ಳುತ್ತದೆ.

ಕೋಮಲ ನಕ್ಕಳು. ಒಬ್ಬಳೇ, ಬಾಯಿಗೆ ಹೊದಿಕೆ ಒತ್ತಿಕೊಂಡು ನಕ್ಕಳು. ಎಂಟು ಗಂಟೆಗೆ ಅವನಿಗೆ ಫೋನು ಮಾಡಬೇಕು, ಮೊದಲು ಚೆನ್ನಾಗಿ ಬೈಯಬೇಕು, ಆಮೇಲೆ ಹೇಳಬೇಕು ಎಂದು ಲೆಕ್ಕ ಹಾಕಿದಳು.

ಎಂಟು ಗಂಟೆಗೆ ಮುರಗೆಪ್ಪ ಮಾಮಾ ಬಂದ.

ಮುರಗೆಪ್ಪ ಅವಳ ಸೋದರಮಾವ, ರಾಯಬಾಗದವನು. ಈ ಸಂಬಂಧ ಹುಡುಕಿ ತಂದವನು. ಬಂದವನು ಚಹಾ ಬೇಡ ಎಂದ. ಮುರಗೆಪ್ಪ ಚಹಾ ಬೇಡ ಎಂದಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಅಪ್ಪ ಪೇಪರು ಮಡಚಿಟ್ಟ.

"ಮುಂಜಾನೆ ಆರ ಹೊಡದಿತ್ತು. ವಿಕ್ರಾಂತ ಫೋನ್ ಮಾಡಿದ್ದ," ಎಂದ ಮುರಗೆಪ್ಪ ನೆಲ ನೋಡುತ್ತ. "ಲಗ್ನಪತ್ರಿಕಿ ಛಾಪಿಸೂದು ನಿಂದರಸ್ರಿ ಅಂದ. ನಂಗೀಗ ಲಗ್ನ ಬ್ಯಾಡ, ತಪ್ಪೆಲ್ಲಾ ನಂದ, ಹುಡುಗಿದೇನೂ ಇಲ್ಲ ಅಂದ. ಎಷ್ಟ್ ಕೇಳಿದ್ರೂ ಅದ ಒಂದ ಮಾತು."

ಅವ್ವ ಅಲ್ಲೇ ಕುಳಿತಳು. ಅಪ್ಪ ಮಡಚಿದ ಪೇಪರನ್ನು ಮತ್ತೊಮ್ಮೆ ಮಡಚಿದ.

ಕೋಮಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

'ಸಂಶೇ ಪಟ್ಟ, ಮುರದ್‌ಬಿಟ್ಟ! ಒಂದ ದಿನ ಅಂದಿದ್ದ, ಒಂದ ದಿನ ಪೂರ್ತಿನೂ ಕಾಯಲಿಲ್ಲ!'

ನೋವಾಯಿತು. ಬಹಳ ನೋವಾಯಿತು. ತನಗೆ ಅವನು ಇಷ್ಟು ಬೇಕಾಗಿದ್ದ ಎಂದು ಅವಳಿಗೆ ಈಗಲೇ ಗೊತ್ತಾದದ್ದು. ಕನ್ಯೆ ನೋಡಲು ಬಂದ ದಿನ ಎಲ್ಲರೂ ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುವಾಗ ಅವನೊಬ್ಬ ಮೆಲ್ಲಗೆ "ನಿಮಗ ಬಿಸಲ ತ್ರಾಸ ಆಗೂದಿಲ್ಲ ಹೌದಿಲ್ರೀ? ನಮ್ಮಲ್ಲಿ ಬಿಸಲ ಭಾಳ" ಎಂದಿದ್ದ. ಆ ಮಾತಿಗೆ ಅವಳು ಒಂದು ವಾರ ನಗುತ್ತಿದ್ದಳು. ನಗುತ್ತಲೇ ಹೂಂ ಎಂದಿದ್ದಳು. ಈಗ ಆ ಮನುಷ್ಯನಿಲ್ಲದೆ ಇರಬೇಕು!

ಮೊದಲು ಆ ಆ್ಯಪನ್ನು ತೆಗೆದುಹಾಕಬೇಕು ಎನಿಸಿತು. ಅವನ ಕಣ್ಣಿಗೆ ಇನ್ನು ತನ್ನದೇನೂ ಕಾಣಬಾರದು.

'ಕುಟುಂಬ' ಎಂಬಲ್ಲಿ ಎರಡು ದುಂಡು ಚಿತ್ರಗಳಿದ್ದವು. ಒಂದು ಅವಳದು, ಒಂದು ಅವನದು. ಅವನನ್ನು ತೆಗೆಯಬೇಕೆಂದರೆ ಅವನ ಹೆಸರು ಒತ್ತಬೇಕು. ಇಷ್ಟು ದಿನ ಅವಳು ಅದನ್ನು ಒತ್ತಿಯೇ ಇರಲಿಲ್ಲ. ಗಂಡಸಿನ ಓಡಾಟವನ್ನು ಇಣುಕಿ ನೋಡಿದಂತಾಗುತ್ತದೆ ಎಂಬ ನಾಚಿಕೆ.

ಒತ್ತಿದಳು.

ನಿಶ್ಚಯದ ರಾತ್ರಿ, ಏಳು ತಾಸು. ಮರುದಿನ ಆರೂವರೆ. ಮೂರನೆಯ ದಿನ ಐದು. ಆಮೇಲೆ ನಾಲ್ಕು, ಮೂರೂವರೆ, ಮೂರು... ಸಾಲು ಇಳಿಯುತ್ತ ಹೋಗಿತ್ತು. ಹೋದ ವಾರವೆಲ್ಲ ಎರಡು ತಾಸು. ನಿನ್ನೆ ರಾತ್ರಿಯ ಎದುರಿಗೆ ಅಂಕಿಯೇ ಇರಲಿಲ್ಲ.

ಕೋಮಲ ಆ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಕೆಳಗಿನಿಂದ ಮೇಲೆ ನೋಡಿದಳು. ಲ್ಯಾಬಿನ ವರದಿ ಓದಿ ರೂಢಿಯಾದ ಕಣ್ಣು. ಅವನ ಮಣಿಕಟ್ಟಿನಲ್ಲಿ ಬಳೆ ಇಲ್ಲ. ಈ ಅಂಕಿ ಸುಳ್ಳಲ್ಲ.

ಕೆಂಪು ಕಣ್ಣು ಸಿಟ್ಟಿನದಲ್ಲ!

'ಇವರು ಸಂಶೇಪಟ್ಟ ಬಂದಿರಲಿಲ್ಲ... ನಾ ಮಲಗಿಲ್ಲ ಅಂತ ಇವರೂ ಮಲಗಿಲ್ಲ!'

ಬ್ಯಾಂಡು ಸುಳ್ಳು ಹೇಳಿದ್ದು ಅವಳ ನಿದ್ದೆಯ ಬಗ್ಗೆ. ನಿಜವಾಗಿ ನಿದ್ದೆ ಕೆಟ್ಟಿದ್ದು ಅವನದು.

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ನಿನ್ನೆ ಅವನು ಏನು ಹೇಳಿದ್ದ? ಬಾಯಿಬಿಟ್ಟು ಹೇಳುವುದೂ ಬೇಡ, ನಾನು ತಿಳಿದುಕೊಳ್ಳುತ್ತೇನೆ. ಐದೂವರೆಗೆ ಅವಳು ಆ್ಯಪ್ ತೆರೆದಳು, ಅಂಕಿ ಅವನ ಮೊಬೈಲಿಗೂ ಹೋಯಿತು. ಆರಕ್ಕೆ ಅವನು ಮಾಮಾನಿಗೆ ಫೋನು ಮಾಡಿದ. ನಡುವಿನ ಅರ್ಧ ತಾಸಿನಲ್ಲಿ ಅವನು ನೋಡಿದ್ದು ಏನು?

ಏಳು ತಾಸು ನಲವತ್ತು ನಿಮಿಷ. ಹಸಿರು ನಕ್ಷತ್ರ. ಬಿಡುಗಡೆಯ ಮಾತು ಕೇಳಿದ ರಾತ್ರಿಯೇ ಹುಡುಗಿ ಹದಿನಾರು ದಿನದ ನಿದ್ದೆ ತೀರಿಸಿಕೊಂಡಿದ್ದಾಳೆ!

"ಆಯಿ!" ಎಂದು ಚೀರುತ್ತ ಕೋಮಲ ಬಾಗಿಲು ತೆರೆದಳು.

* * *

ವಿಷಯ ತಿಳಿಯಲು ಆಯಿಗೆ ಎರಡು ಸಲ ಹೇಳಬೇಕಾಯಿತು.

"ನಾ ನಿದ್ದಿ ಮಾಡಿದ್ದ ನೋಡಿ ಅಂವ ಲಗ್ನಾ ಮುರದಾನು?"

"ಹೌದ ಆಯಿ."

"ಅಯ್ಯ ನನ್ನ ಶಿವನ! ಎಂಬತ್ತ ವರ್ಷದಾಗ ನನ್ನ ನಿದ್ದಿ ಯಾರೂ ಇಷ್ಟ ಮನಸಿಗೆ ಹಚಗೊಂಡಿರಲಿಲ್ಲ ಬೇ!"

ಕೋಮಲ ನಾಲ್ಕು ಸಲ ಫೋನು ಮಾಡಿದಳು. ವಿಕ್ರಾಂತನ ಮೊಬೈಲು ಬಂದ್ ಆಗಿತ್ತು. ಗೌರಾಬಾಯಿಗೆ ಮಾಡಿದರೆ, "ತ್ವಾಟದಾಗ ಅದಾನವ್ವಾ, ಮುಂಜಾನಿಂದ ಹೊಟ್ಟಿಗೂ ಏನೂ ತಿಂದಿಲ್ಲ. ಏನಾಗೈತಿ ಅಂತನೂ ಹೇಳವಲ್ಲ" ಎಂದು ಅತ್ತಳು.

"ನಾ ಹೋಗ್ತೀನಿ," ಎಂದಳು ಕೋಮಲ.

ಮುರಗೆಪ್ಪ ತಲೆ ಅಲ್ಲಾಡಿಸಿದ. "ತಂಗಿ, ಲಗ್ನಕ್ಕಿಂತ ಮದಲ ಹುಡುಗಿ ತಾನಾಗಿ ಗಂಡಿನ ಮನಿಗೆ ಹೋಗೂದು ನಮ್ಮಲ್ಲಿ ಇಲ್ಲ. ಮಂದಿ ಏನಂದಾರು? ನಾ ಹೋಗಿ ಮಾತಾಡ್ತೀನಿ."

"ನೀ ಏನ್ ಮಾತಾಡ್ತಿ ಮಾಮಾ? ನೀ ಮಾತಾಡಿದ್ದಕ್ಕ ಅಂವ ಕೇಳಿಲ್ಲ. ಮಾತಾಡಬೇಕಾದಾಕಿ ನಾ. ನಿನ್ನೆ ಮಾತಾಡಬೇಕಾದಾಗ ಸಿಟ್ಟಿಲೆ ಸುಳ್ಳ ಹೇಳೀನಿ."

ಆಯಿ ಗೋಡೆ ಹಿಡಿದು ಎದ್ದು ನಿಂತಳು.

"ಅಕಿ ಎಲ್ಲಿ ಹೊಂಟಾಳೊ ಮುರಗ್ಯಾ? ಹೊಂಟಾಕಿ ನಾ. ಬೀಗರ ಮನಿಗೆ ಮುದುಕಿ ಹೋಗಬಾರದು ಅಂತ ಎಲ್ಲ್ಯರ ಐತೇನು? ನಂಗ ಕಣ್ಣ ಕಾಣೂದಿಲ್ಲ, ಅಕಿ ನನ್ನ ಕೈ ಹಿಡಕೊಂಡ ಬರ್ತಾಳ."

ಆಯಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಅಕ್ಕಿಯೊಳಗಿನ ಹುಳ ಆರಿಸುವವಳು ಅವಳೇ. ಆದರೂ ಯಾರೂ ಎದುರಾಡಲಿಲ್ಲ. ಅಪ್ಪ ಎದ್ದು ಬಂದು ಇಬ್ಬರನ್ನೂ ಬಸ್ ನಿಲ್ದಾಣಕ್ಕೆ ಬಿಟ್ಟ.

ಕಾಗವಾಡದ ಮೇಲೆ ಹೋಗುವ ಮೀರಜಿನ ಬಸ್ಸು. ಕಿಟಕಿ ಬದಿಗೆ ಆಯಿ. ಕಬ್ಬು, ಕಬ್ಬು, ಕಬ್ಬು... ಕೃಷ್ಣೆಯ ಸೇತುವೆ ದಾಟಿದ ಮೇಲೂ ಕಬ್ಬು. ಆಮೇಲೆ ಒಂದೊಂದೇ ದ್ರಾಕ್ಷಿಯ ಚಪ್ಪರ ಕಾಣತೊಡಗಿದವು.

ಕೋಮಲಳ ಮನಸ್ಸು ಬಸ್ಸಿಗಿಂತ ಹೆಚ್ಚು ಕುಲುಕುತ್ತಿತ್ತು. 'ಹೋಗಿ ಏನ್ ಹೇಳ್ಲಿ? ಬ್ಯಾಂಡ್ ತಪ್ಪಾಗಿತ್ತು ಅಂದ್ರ ಸಾಕೇನು? ಅಂವ ಮತ್ತ ನನ್ನ ನಂಬದಿದ್ರ?'

"ಆಯಿ, ಅಂವ ಇನ್ನೂ ಬ್ಯಾಡ ಅಂದ್ರ?"

ಆಯಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು.

* * *

ತೋಟದ ಮೂಲೆಯಲ್ಲಿ ಒಣದ್ರಾಕ್ಷಿಯ ಶೆಡ್ಡು. ಕಂಬಗಳ ನಡುವೆ ಬಲೆಯ ಹತ್ತು ಅಂತಸ್ತು, ಒಂದೊಂದು ಅಂತಸ್ತಿನ ಮೇಲೂ ಹಸಿರು ಗೊಂಚಲುಗಳನ್ನು ಹರವಿದ್ದರು. ಏಳೆಂಟು ಹೆಂಗಸರು ಮಾತಾಡಿಕೊಳ್ಳುತ್ತ ಗೊಂಚಲು ಬಿಡಿಸುತ್ತಿದ್ದರು. ವಿಕ್ರಾಂತ ಕ್ರೇಟು ಹೊತ್ತು ತರುತ್ತಿದ್ದ. ಅವಳನ್ನು ಕಂಡು ಅಲ್ಲೇ ನಿಂತ. ತಲೆಯ ಮೇಲಿನ ಕ್ರೇಟು ಇಳಿಸುವುದನ್ನೂ ಮರೆತ.

ಹೆಂಗಸರು ತಿರುಗಿ ನೋಡಿದರು.

"ಕೋಮಲ... ನೀವು? ಇಲ್ಲಿ?"

"ಕ್ರೇಟ್ ಇಳಸ್ರಿ ಮದಲ."

ಇಳಿಸಿದ. ಆಯಿ ಅದರ ಪಕ್ಕದ ಖಾಲಿ ಕ್ರೇಟಿನ ಮೇಲೆ ಕುಳಿತು, ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡಳು.

"ನಿನ್ನೆ ರಾತ್ರಿ ಏಳ ತಾಸು ನಲವತ್ತ ನಿಮಿಷ ಮಲಗಿದಾಕಿ ನಾ ಅಲ್ರಿ," ಎಂದಳು ಕೋಮಲ. "ಮಲಗಿದಾಕಿ ಇಲ್ಲಿ ಕುಂತಾಳ ನೋಡ್ರಿ. ನಮ್ಮ ಆಯಿ."

ವಿಕ್ರಾಂತ ಆಯಿಯನ್ನು ನೋಡಿದ. ಆಯಿ ಇನ್ನೊಂದು ದ್ರಾಕ್ಷಿ ತೆಗೆದುಕೊಂಡಳು.

"ಹೌದಪ್ಪಾ. ನಂದ ನಿದ್ದಿ. ತಪ್ಪಾತೇನು?"

ಕೋಮಲ ಕೈ ಮುಂದೆ ಚಾಚಿದಳು. ಬಳೆಗಳನ್ನು ಮೇಲೆ ದೂಡಿದಳು, ಬ್ಯಾಂಡು ಕಟ್ಟಿದಳು, ಕೈ ಇಳಿಬಿಟ್ಟಳು. ಝಲ್ಲೆಂದು ಇಳಿದ ಬಳೆಗಳು ಬ್ಯಾಂಡನ್ನು ಅಂಗೈಯ ಬುಡಕ್ಕೆ ನೂಕಿದವು. ಹಸಿರು ಬೆಳಕು ಬದಿಯಿಂದ ಸೋರಿ ಅವಳ ಬೆರಳಿನ ಮೇಲೆ ಬಿತ್ತು.

"ನಿಮ್ಮ ಅವ್ವಾರ ಹಾಕಿದ ಬಳಿ. ನಿಮ್ಮ ಬ್ಯಾಂಡ್. ಎರಡೂ ನಿಮ್ಮ ಮನ್ಯಾವ. ನಡಕ ನಾ ಸಿಕ್ಕೀನಿ."

ವಿಕ್ರಾಂತ ಆ ಬೆಳಕನ್ನೇ ನೋಡುತ್ತ ನಿಂತ.

"ಅಂದ್ರ... ಹದಿನಾರ ದಿನಾನೂ ನೀವು ಮಲಗ್ತಿದ್ರಿ?"

"ಹೆಣದಂಗ ಮ-"

"ಥೂ, ಬಿಡ್ತ ಅನ್ನ!" ಎಂದಳು ಆಯಿ.

"...ಚೊಲೋತ್ನಾಗಿ ಮಲಗ್ತಿದ್ದೆ. ನಿನ್ನೆ ನಿಮಗ ಸುಳ್ಳ ಹೇಳಿದೆ. ನೀವು ಸಂಶೇಪಟ್ಟ ಕೇಳಾಕತ್ತೀರಿ ಅಂತ ಸಿಟ್ಟ ಬಂದಿತ್ತು."

"ಸಂಶೇನಾ? ನಿಮ್ಮ ಮ್ಯಾಲ?" ವಿಕ್ರಾಂತನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕೋಮಲ, ನಮ್ಮ ತ್ವಾಟದಾಗ ಹವಾ ಅಳಿಯೂ ಮಶಿನ್ ಐತಿ. ಎಲಿ ಮ್ಯಾಲ ಎಷ್ಟ ತೇವ ಐತಿ ಅಂತ ಮೊಬೈಲ್‌ಗೆ ಹೇಳ್ತೈತಿ. ಅದು ಹೇಳಿದ್ಕೂಡಲೆ ಎದ್ದ ಔಷಧ ಹೊಡಿತೀನಿ. ನಾಕ ವರ್ಷದಾಗ ಒಮ್ಮಿನೂ ಮೋಸ ಆಗಿಲ್ಲ. ಹಂಗ ಇದನ್ನೂ ನಂಬಿದೆ. ಒಂದಕ್ಕ ಎಚ್ಚರ, ಎರಡೂವರಿಗೆ ಎಚ್ಚರ ಅಂತ ದಿನಾ ಮುಂಜಾನೆ ತೋರಸ್ತಿತ್ತು. ರಾತ್ರಿ ಒಂದ ಆತಂದ್ರ, ಈಗ ಅವರು ಎದ್ದ ಕುಂತಿರಬೇಕು ಅನಸ್ತಿತ್ತು... ನೀವು ಎದ್ದ ಕುಂತಾಗ ನಾ ಹೆಂಗ ಮಲಗ್ಲಿ?"

ಗೊಂಚಲು ಬಿಡಿಸುವ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದಳು.

ಕೋಮಲಳ ಕಣ್ಣು ತುಂಬಿದವು. ಅವನ್ನು ಒರೆಸಿಕೊಳ್ಳಲಿಲ್ಲ.

"ನಾ ದ್ರಾಕ್ಷಿ ಬಳ್ಳಿ ಅಲ್ರಿ ವಿಕ್ರಾಂತ. ನಂಗ ಬಾಯಿ ಐತಿ. ಒಂದ ಫೋನ್ ಮಾಡಿ ಯಾಕ ಕೇಳಲಿಲ್ಲ?"

"ಅಂಜಿಕಿ."

"ಏನ್ ಅಂಜಿಕಿ?"

"ಕೇಳಿದ್ರ, ಇಲ್ಲ ಅಂತ ಅಂದಗಿಂದೀರಿ ಅಂತ. ಮಶಿನ್ ನೋಡಕೋತ ಇದ್ರ ಇನ್ನೊಂದ ದಿನ ಇರಬಹುದು ಅಂತ."

ಅವನು ಅಷ್ಟು ಹೇಳಿ ತಲೆ ತಗ್ಗಿಸಿದ. ಆರು ಅಡಿಯ ಆಳು, ದ್ರಾಕ್ಷಿಯ ಅಂಟು ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಕೋಮಲಳಿಗೆ ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕು ಎನಿಸಿತು. ಆಳುಗಳಿದ್ದರು, ಆಯಿ ಇದ್ದಳು, ಊರು ಕಾಗವಾಡದ ಕಡೆಯದು. ತಬ್ಬಿಕೊಳ್ಳಲಿಲ್ಲ.

"ಈಗ ಕೇಳ್ರಿ," ಎಂದಳು.

"ಈಗ?"

"ಈಗ. ಎಲ್ಲಾರ ಮುಂದ. ನಿನ್ನೆ ಹದಿನಾಲ್ಕ ಮಂದಿ ಮುಂದ ಕೇಳಾಕ ನಿಮಗ ನಾಚಿಕಿ ಇರಲಿಲ್ಲಲ್ಲ!"

ವಿಕ್ರಾಂತ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಕೋಮಲ... ನಿಮಗ ನಾ ಬೇಕೇನ್ರಿ?"

"ಬೇಕ್ರಿ."

ಒಂದೇ ಮಾತು. ಅದನ್ನು ಅಳೆಯುವ ಸಾಧನ ಅವನ ತೋಟದಲ್ಲಾಗಲಿ, ಕೈಯಲ್ಲಾಗಲಿ ಇರಲಿಲ್ಲ. ಅವನು ಸುಮ್ಮನೆ ನಂಬಿದ. ನಂಬಿದ ಕೂಡಲೇ ಅಲ್ಲೇ ಮಡಚಿಟ್ಟ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಕುಳಿತುಬಿಟ್ಟ. ಎರಡು ವಾರದ ಆಯಾಸ ಒಟ್ಟಿಗೆ ಬಂದು ಮೇಲೆ ಬಿದ್ದಿತ್ತು.

"ಮುರಗೆಪ್ಪ ಮಾಮಾಗ ಫೋನ್ ಮಾಡ್ಬೇಕ್ರಿ... ಪತ್ರಿಕಿ..."

"ಅದನ್ನ ನಾ ಮಾಡ್ತೀನಿ. ನೀವು ಅಡ್ಡ ಆಗ್ರಿ."

"ಹಗಲಿನ್ಯಾಗ? ಆಳ ನೋಡಾಕತ್ತಾರ..."

"ನೋಡ್ಲಿ."

"ಇನ್ನೂ ಇಪ್ಪತ್ತ ಕ್ರೇಟ್ ಹರವೂದೈತಿ..."

"ನಾ ಹರವ್ತೀನ ತಗೋ," ಎಂದಳು ಆಯಿ, ಆಗಲೇ ಗೊಂಚಲಿಗೆ ಕೈ ಹಾಕಿ. "ನಿನ್ನ ಪಾಲಿನ ನಿದ್ದಿನೂ ನಾನ ಮಾಡಿ ಬಂದೀನಿ. ನಂಗೇನ್ ದಣಿವಿಲ್ಲ."

ವಿಕ್ರಾಂತ ತಾಡಪತ್ರಿಯ ಮೇಲೆ ಒರಗಿದ. ಬಲೆಗಳ ಸಂದಿನಿಂದ ಬಿಸಿಲು ಅವನ ಮುಖದ ಮೇಲೆ ಬೀಳುತ್ತಿತ್ತು. ಕೋಮಲ ತಲೆಯ ಬಳಿ ಕುಳಿತು ಸೆರಗನ್ನು ಅಡ್ಡ ಹಿಡಿದಳು.

ಕಣ್ಣು ಮುಚ್ಚಿದ. ಮತ್ತೆ ಗಾಬರಿಯಿಂದ ತೆರೆದ.

"ಕೋಮಲ..."

"ಹೂಂ?"

"ನಾ ಏಳೂದ್ರೊಳಗ ಹೋಗಿಬಿಡ್ತಿ?"

"ಇಲ್ಲ. ನೀವು ಎದ್ದ ಮ್ಯಾಲ ಇಬ್ಬರೂ ಕೂಡಿ ಉಣ್ಣೋಣು. ನೀವು ಮುಂಜಾನಿಂದ ಉಂಡಿಲ್ಲಂತ, ನಾನೂ ಉಂಡಿಲ್ಲ."

ಅವನು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ, ಉಸಿರು ನಿಧಾನವಾಯಿತು, ಮುಷ್ಟಿ ಮಾತ್ರ ಸಡಿಲವಾಗಲಿಲ್ಲ.

ಗೊಂಚಲು ಬಿಡಿಸುವ ಹೆಂಗಸರು ದನಿ ತಗ್ಗಿಸಿದರು.

"ಮಲಗಿದ್ನೇನ ಬೇ?" ಎಂದು ಆಯಿ ಪಿಸುಗುಟ್ಟಿದಳು.

ಕೋಮಲ ಬಾಗಿ ಅವನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಮಲಗ್ಯಾನ, ಆಯಿ."